ಬೀದರಿನ ಚಳಿಯಲ್ಲಿ ಹೂವು, ಬಿಸಿಲು ಮತ್ತು ಪಾತರಗಿತ್ತಿ

ಬುಧವಾರ

ಕಲಬುರಗಿಯವರಾದ ನಮಗೆ ಚಳಿಗಾಲವೆಂದರೆ ಬೆಳಗಿನ ಜಾವ ಒಂದು ಶಾಲು ಹೊದೆಯುವಷ್ಟು ಮಾತ್ರ. ಒಂಬತ್ತು ಗಂಟೆಗೆಲ್ಲ ಅದನ್ನು ಮಡಚಿ ಒಳಗಿಡುತ್ತೇವೆ. ಬೀದರಿನ ಮಾತು ಬೇರೆ. ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿರುವ ಆ ಊರಿನಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಉಷ್ಣಾಂಶ ದಾಖಲಾದ ಊರುಗಳನ್ನು ಪತ್ರಿಕೆಗಳು ಅಚ್ಚು ಹಾಕುವಾಗ ಬೀದರಿನ ಹೆಸರು ಅಲ್ಲಿ ಇದ್ದೇ ಇರುತ್ತದೆ. ಪಾತರಗಿತ್ತಿ ನೋಡಲು ಮಳೆಗಾಲ ಮುಗಿಯುವ ಹೊತ್ತೇ ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ, ಸಂಖ್ಯೆಯ ದೃಷ್ಟಿಯಿಂದ ಅದು ನಿಜ. ಆದರೆ ನಿಧಾನವಾಗಿ, ಹತ್ತಿರದಿಂದ, ಕ್ಯಾಮೆರಾ ಇಲ್ಲದೆ ನೋಡಬೇಕೆನ್ನುವ ನನ್ನಂಥವರಿಗೆ ಚಳಿಯ ದಿನಗಳೇ ಅನುಕೂಲ, ಏಕೆಂದರೆ ಆಗ ಓಡಿ ಹೋಗುವ ಶಕ್ತಿ ಪಾತರಗಿತ್ತಿಗೇ ಇರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬರಬೇಕೆಂದು ಬೀದರಿನ ಗೆಳೆಯನ ಮನೆಯವರು ಕರೆದದ್ದೂ ಕೂಡಿಬಂದು, ಅಮಾವಾಸ್ಯೆಗೆ ಎರಡು ದಿನ ಮೊದಲೇ ಹೊರಟೆ.

2017ರ ಅಕ್ಟೋಬರಿನಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಈ ಪ್ರಯಾಣ ಸುಲಭವಾಗಿದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ, ಆಮೇಲೆ ಹುಮನಾಬಾದ್, ಎರಡೂ ಕಡೆ ಕಾಯಿ ಬಲಿತ ತೊಗರಿ. ಹೇಳಬೇಕಾದ್ದು ಇಷ್ಟೇ.

ಮಧ್ಯಾಹ್ನ ಮೂರರ ಹೊತ್ತಿಗೆ ಬರೀದ್ ಶಾಹಿ ಉದ್ಯಾನದಲ್ಲಿದ್ದೆ. ಊರಿನ ಪಶ್ಚಿಮಕ್ಕಿರುವ ಈ ಉದ್ಯಾನದ ನಡುವೆ ಬೀದರನ್ನಾಳಿದ ಬರೀದ್ ಶಾಹಿ ಮನೆತನದ ಸುಲ್ತಾನ ಅಲಿ ಬರೀದನ ಗೋರಿಯಿದೆ. 1577ರಲ್ಲಿ, ಅವನು ಬದುಕಿರುವಾಗಲೇ ಕಟ್ಟಿ ಮುಗಿಸಿದ, ನಾಲ್ಕೂ ದಿಕ್ಕಿಗೆ ದೊಡ್ಡ ಕಮಾನುಗಳು ತೆರೆದುಕೊಂಡಿರುವ ಎತ್ತರದ ಕಟ್ಟಡ. ಗೋರಿಯ ಸುತ್ತ ನಾಲ್ಕು ಭಾಗದ ತೋಟ ಮಾಡುವ ಪದ್ಧತಿ ಪರ್ಷಿಯಾದ ಕಡೆಯಿಂದ ದಖನ್ನಿಗೆ ಬಂದದ್ದು. ಈಗ ಇಲ್ಲಿ ಸಂಜೆ ನಡೆಯಲು ಬರುವವರು, ಹುಲ್ಲಿನ ಮೇಲೆ ಬುತ್ತಿ ಬಿಚ್ಚುವ ಕುಟುಂಬಗಳು, ಸಾಲಾಗಿ ನೆಟ್ಟ ಗುಲಾಬಿ, ಸೇವಂತಿ, ಚೆಂಡು ಹೂ. ಸೇವಂತಿಗೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದರೇ ಮೊಗ್ಗು ಕಟ್ಟುವ ಸ್ವಭಾವ. ಹಾಗಾಗಿ ದೀಪಾವಳಿಯಿಂದಾಚೆಗೆ ಅದರ ಹಬ್ಬ. ಚಳಿ ಬಿದ್ದರೆ ಹೂವು ಗಿಡದ ಮೇಲೆ ಹೆಚ್ಚು ದಿನ ಬಾಳುತ್ತದೆ, ಬಣ್ಣವೂ ಗಾಢವಾಗುತ್ತದೆ. ಬೇಸಿಗೆಯಲ್ಲಿ ಎರಡೇ ದಿನಕ್ಕೆ ಅಂಚು ಸುಟ್ಟುಕೊಳ್ಳುವ ಗುಲಾಬಿ ಇಲ್ಲಿ ನಿರಾಳವಾಗಿ ಅರಳಿ ನಿಂತಿತ್ತು.

ಆದರೆ ಆ ಸಾಲುಗಳ ಮೇಲೆ ಪಾತರಗಿತ್ತಿಗಳು ಇರಲಿಲ್ಲವೆಂದೇ ಹೇಳಬೇಕು. ಇದಕ್ಕೆ ಚಳಿ ಕಾರಣವಲ್ಲ. ತೇರಿನ ಹಾರಕ್ಕೆಂದು ಬೆಳೆಸುವ ಇಮ್ಮಡಿ ಎಸಳಿನ ಚೆಂಡು ಹೂವಿನಲ್ಲಿ ಮಕರಂದ ತುಂಬಿರುವ ನಡುವಿನ ಪುಟ್ಟ ಕೊಳವೆ ಹೂಗಳು ಬಹುಪಾಲು ಅಗಲ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ನಮಗೆ ಅದು ತುಂಬಿದ ಹೂವು, ಪಾತರಗಿತ್ತಿಗೆ ಬರಿದಾದ ಪಾತ್ರೆ. ನಿಜವಾದ ಸಂತೆ ನಡೆದದ್ದು ಕಾಂಪೌಂಡಿನ ಬುಡದಲ್ಲಿ, ಕುಡುಗೋಲು ತಲುಪದ ಲಂಟಾನದ ಪೊದೆಯ ಬಳಿ. ಲಂಟಾನದ ಒಂದೊಂದು ಗೊಂಚಲಿನಲ್ಲೂ ಒಳಗಿನ ಎಳೆಯ ಹೂಗಳು ಹಳದಿ, ಹೊರಗಿನ ಹಳೆಯವು ಗುಲಾಬಿ. ಬಣ್ಣ ತಿರುಗಿದ ಹೂವಿನಲ್ಲಿ ಮಕರಂದ ಕಡಿಮೆ ಎನ್ನುವುದು ಪಾತರಗಿತ್ತಿಗೆ ಗೊತ್ತು. ಮಾಟಲ್ಡ್ ಎಮಿಗ್ರಂಟ್ ಎಂಬ ತಿಳಿಹಸಿರು ಪಾತರಗಿತ್ತಿಯೊಂದು ಸುರುಳಿ ಬಿಚ್ಚಿದ ನಾಲಿಗೆಯನ್ನು ಹಳದಿ ಹೂಗಳೊಳಗಷ್ಟೇ ಇಳಿಸಿ, ಗುಲಾಬಿ ಬಣ್ಣದವುಗಳ ಮೇಲೆ ಕಾಲೂರಿ ನಿಂತಿತ್ತು. ಹೊರದೇಶದಿಂದ ಬಂದು ನಮ್ಮ ಕಾಡುಗಳನ್ನು ಮುಚ್ಚಿಹಾಕಿದ ಈ ಕಳೆಯ ಬಗ್ಗೆ ನನಗೆ ಪ್ರೀತಿಯೇನಿಲ್ಲ. ಆದರೂ ಉದ್ಯಾನದ ಹೂವಿನ ಖರ್ಚಿನಲ್ಲಿ ಪಾತರಗಿತ್ತಿಗೆ ಒಂದು ಪೈಸೆಯ ಪಾಲೂ ಇಲ್ಲದಿರುವಾಗ ಅವುಗಳ ಹೊಟ್ಟೆ ತುಂಬಿಸುತ್ತಿರುವುದು ಇದೇ ಎನ್ನುವುದನ್ನು ಒಪ್ಪಬೇಕಾಗುತ್ತದೆ. ನಾಲ್ಕೂವರೆ ದಾಟಿ ಗೋರಿಯ ನೆರಳು ಪೊದೆಯ ಮೇಲೆ ಚಾಚಿದ್ದೇ ತಡ, ಒಂದೂ ಉಳಿಯಲಿಲ್ಲ.

ಗುರುವಾರ

ಬೆಳಿಗ್ಗೆ ಏಳಕ್ಕೆ ಕೋಟೆಯ ಕಡೆ ಹೊರಟಾಗ ಮೊಬೈಲು 11 ಡಿಗ್ರಿ ತೋರಿಸುತ್ತಿತ್ತು. ಚಹಾದಂಗಡಿಯ ಮುಂದೆ ಮಫ್ಲರು ಕಟ್ಟಿಕೊಂಡವರು ಬೆಂಕಿಯ ಸುತ್ತ ನಿಂತಿದ್ದರು. ಬಹಮನಿಯರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಇಲ್ಲಿಗೆ ಸಾಗಿಸಿದ್ದಕ್ಕೆ ಹವೆಯೂ ಒಂದು ಕಾರಣವೆಂದು ಹೇಳುವುದುಂಟು. ಆ ಹೊತ್ತಿನಲ್ಲಿ ಅದನ್ನು ನಂಬುವುದು ಕಷ್ಟವಾಗಲಿಲ್ಲ.

ಬಾಗಿಲುಗಳನ್ನು ದಾಟಿ ಒಳಗೆ ಹೋದರೆ ಹದಿನಾರು ಕಂಬದ ಮಸೀದಿ, ಅದರ ಮುಂದೆ ಲಾಲ್ ಬಾಗ್. ಕಾರಂಜಿ, ಕಾಲುವೆಗಳ ಗುರುತುಗಳಿರುವ ಹಳೆಯ ಅರಮನೆಯ ತೋಟವಿದು; ಒಂದು ಬದಿಗೆ ತರ್ಕಶ್ ಮಹಲಿನ ಗೋಡೆಗಳು. ನಾನು ಹೋದದ್ದು ತೋಟದ ನಡುವಿಗಲ್ಲ, ಬಿಸಿಲು ಮೊದಲು ಬೀಳುವ ಗೋಡೆಯ ಬುಡಕ್ಕೆ. ಚಳಿಯ ಬೆಳಗಿನಲ್ಲಿ ಪಾತರಗಿತ್ತಿ ಹುಡುಕುವವರು ಹೂವನ್ನು ಹುಡುಕಬಾರದು, ಪೂರ್ವಕ್ಕೆ ಮುಖ ಮಾಡಿದ ಕಲ್ಲನ್ನು ಹುಡುಕಬೇಕು. ಪಾತರಗಿತ್ತಿಯ ಮೈಗೆ ತನ್ನದೇ ಆದ ಬಿಸಿಯಿಲ್ಲ. ಎದೆಯೊಳಗಿನ ಹಾರುವ ಸ್ನಾಯುಗಳು ಸುಮಾರು 30 ಡಿಗ್ರಿಯವರೆಗೆ ಕಾಯದ ಹೊರತು ರೆಕ್ಕೆ ಬಡಿಯುವುದಕ್ಕಾಗುವುದಿಲ್ಲ, ಹಾಗಾಗಿ ಹೂವಿನ ವಿಚಾರ ಆಮೇಲಿನದು, ಮೊದಲು ಬಿಸಿಲು.

ಗೋಡೆಯಿಂದ ಎರಡು ಮಾರು ದೂರದಲ್ಲಿ, ಒಣಗಿದ ಹುಲ್ಲಿನ ಕಡ್ಡಿಯೊಂದರ ತುದಿಗೆ ಪ್ಲೇನ್ ಟೈಗರ್ ಒಂದು ರೆಕ್ಕೆ ಮುಚ್ಚಿ ತಲೆ ಮೇಲಾಗಿ ಜೋತುಬಿದ್ದಿತ್ತು. ನಮ್ಮ ಕಡೆ ಎಕ್ಕದ ಗಿಡವಿರುವಲ್ಲೆಲ್ಲ ಕಾಣುವ ಕಿತ್ತಳೆ ಬಣ್ಣದ ಪಾತರಗಿತ್ತಿ ಇದು. ಇದರ ಹುಳು ಎಕ್ಕದ ಎಲೆಯನ್ನೇ ತಿಂದು ಬೆಳೆಯುತ್ತದೆ. ಮೊಣಕಾಲೂರಿ ಕುಳಿತು ಮುಖವನ್ನು ಒಂದು ಗೇಣಿನಷ್ಟು ಹತ್ತಿರ ತಂದರೂ ಅದು ಅಲುಗಲಿಲ್ಲ. ಕಪ್ಪು ಎದೆಯ ಮೇಲೆ ಬಿಳಿಯ ಚುಕ್ಕೆಗಳು, ಪ್ರತಿಯೊಂದು ಚುಕ್ಕೆಯ ಪಕ್ಕದಲ್ಲೂ ಸಾಸಿವೆಗಿಂತ ಚಿಕ್ಕ ಇಬ್ಬನಿಯ ಹನಿ, ಮುಂದಿನ ರೆಕ್ಕೆಯ ಅಂಚಿನಲ್ಲಿ ಒಂದಷ್ಟು ಪುಡಿ ಉದುರಿ ಗಾಜಿನಂತಾದ ಜಾಗ. ಮುಂಗಾಲುಗಳ ಜೋಡಿ ತೀರ ಸಣ್ಣದಾಗಿ ಎದೆಗಂಟಿಕೊಂಡಿರುವುದರಿಂದ ಅದು ನಾಲ್ಕೇ ಕಾಲಿನ ಮೇಲೆ ನಿಲ್ಲುತ್ತದೆನ್ನುವುದನ್ನು ಓದಿ ತಿಳಿದಿದ್ದೆ. ಬೇಸಿಗೆಯಲ್ಲಿ ಅದನ್ನು ಎಣಿಸಿ ನೋಡುವಷ್ಟು ಹೊತ್ತು ಯಾವ ಪ್ಲೇನ್ ಟೈಗರೂ ಕೊಟ್ಟಿರಲಿಲ್ಲ.

ಬಿಸಿಲು ಗೋಡೆಯಿಂದಿಳಿದು ಹುಲ್ಲಿಗೆ ತಲುಪಿದ್ದು ಎಂಟು ದಾಟಿದ ಮೇಲೆ. ಮೊದಲು ಮೀಸೆಗಳೆರಡೂ ಅಗಲವಾದವು. ಆಮೇಲೆ ರೆಕ್ಕೆಗಳು ಅರ್ಧ ತೆರೆದವು, ಮತ್ತೆ ಮುಚ್ಚಿದವು. ಕಡೆಗೆ ಪೂರ್ತಿ ಬಿಚ್ಚಿ, ಬೆನ್ನನ್ನು ಸೂರ್ಯನ ಕಡೆಗೆ ತಿರುಗಿಸಿ, ಕಟ್ಟೆಯ ಮೇಲೆ ಬೆನ್ನು ಕಾಯಿಸುವ ಹಿರಿಯರ ಹಾಗೆ ಕುಳಿತಿತು. ಹೀಗೆ ಕುಳಿತಾಗ ರೆಕ್ಕೆಯ ತುದಿಗಿಂತ ಮೈಗೆ ಹತ್ತಿರದ ಭಾಗವೇ ಮುಖ್ಯ, ಏಕೆಂದರೆ ಅಲ್ಲಿ ಹೀರಿದ ಶಾಖವೇ ಎದೆಗೆ ಸೇರುವುದು. ರೆಕ್ಕೆಗಳು ಕಣ್ಣಿಗೆ ಕಂಡೂ ಕಾಣದಷ್ಟು ನಡುಗತೊಡಗಿದವು. ಇದು ಚಳಿಯ ನಡುಕವಲ್ಲ, ಹಾರುವ ಸ್ನಾಯುಗಳನ್ನು ಬೆಚ್ಚಗೆ ಮಾಡಿಕೊಳ್ಳುವ ವಿಧಾನ. ಇಬ್ಬನಿ ಆರಿತು. ಅದು ಎದ್ದು, ಅವಸರವಿಲ್ಲದೆ ಮಸೀದಿಯ ಕಡೆ ಹೊರಟಿತು.

ಆ ಹೊತ್ತಿಗೆ ಗೋಡೆಯ ಮೇಲೂ ವ್ಯವಹಾರ ಶುರುವಾಗಿತ್ತು. ಬಿಸಿಲು ಕಾಯುವುದರಲ್ಲಿಯೂ ಜಾತಿಗೊಂದು ರೀತಿ. ಬ್ಲೂ ಪ್ಯಾನ್ಸಿಗಳು ಬೆಚ್ಚಗಾದ ಜಂಬಿಟ್ಟಿಗೆಗೆ ಹೊಟ್ಟೆ ತಾಗಿಸಿ ನಾಲ್ಕೂ ರೆಕ್ಕೆಗಳನ್ನು ಚಪ್ಪಟೆಯಾಗಿ ಹಾಸಿದ್ದವು, ಕೆಂಗಂದು ಕಲ್ಲಿನ ಮೇಲೆ ಆ ನೀಲಿ ಎಷ್ಟು ದೂರದಿಂದಲೂ ಕಾಣುವಂತಿತ್ತು. ಗ್ರಾಸ್ ಯೆಲ್ಲೋ ಎಂಬ ಪುಟ್ಟ ಹಳದಿಯವು ಮಾತ್ರ ಎಂದೂ ರೆಕ್ಕೆ ಬಿಚ್ಚಿ ಕೂರುವುದಿಲ್ಲ. ಮುಚ್ಚಿದ ರೆಕ್ಕೆಯ ಒಂದು ಮಗ್ಗುಲನ್ನು ಬಿಸಿಲಿಗೆ ಒಡ್ಡಿ, ನೆಲದ ಮೇಲೆ ಒಂದು ಕಡೆಗೆ ವಾಲಿಕೊಂಡಿದ್ದವು. ಶಾಲೆಯ ಪ್ರವಾಸಕ್ಕೆ ಬಂದ ಹುಡುಗರು ಅದನ್ನು ಸತ್ತಿದೆಯೆಂದು ತಿಳಿದು ಎತ್ತಿಕೊಳ್ಳಲು ಹೋದಾಗ, ಅವರ ಬೆರಳ ಸಂದಿಯಿಂದ ಅದು ಹಾರಿದ್ದನ್ನು ಕಂಡು ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು.

ನಿಜವಾದ ಶೀತದೇಶಗಳಲ್ಲಿ ಈ ದೃಶ್ಯಕ್ಕೆ ಅವಕಾಶವಿಲ್ಲ. ಹಿಮ ಬೀಳುವ ಕಡೆ ಪಾತರಗಿತ್ತಿಗಳು ಚಳಿಗಾಲವನ್ನು ಮೊಟ್ಟೆಯಾಗಿಯೋ ಹುಳುವಾಗಿಯೋ ಕೋಶವಾಗಿಯೋ ಕಳೆಯುತ್ತವೆ. ಯುರೋಪಿನ ಬ್ರಿಮ್‌ಸ್ಟೋನ್, ನೆನ್ನೆ ಲಂಟಾನದ ಮೇಲೆ ಕಂಡ ಎಮಿಗ್ರಂಟಿನ ದೂರದ ಸಂಬಂಧಿ, ಪೂರ್ಣ ಬೆಳೆದ ರೂಪದಲ್ಲಿಯೇ ಐವಿ ಬಳ್ಳಿಯಂಥ ನಿತ್ಯಹಸಿರು ಎಲೆಗಳ ನಡುವೆ ತಿಂಗಳುಗಟ್ಟಲೆ ಅಲುಗದೆ ಕುಳಿತಿರುತ್ತದೆ. ಬೀದರಿನ ಚಳಿ ಅವುಗಳನ್ನು ಮಲಗಿಸುವುದಿಲ್ಲ, ಬೆಳಗಿನ ಎರಡು ಮೂರು ತಾಸು ತಡೆದು ನಿಲ್ಲಿಸುತ್ತದೆ, ಅಷ್ಟೇ. ನೋಡುವವರಿಗೆ ಬೇಕಾದದ್ದೂ ಅಷ್ಟೇ.

ಮಧ್ಯಾಹ್ನದ ಮೇಲೆ ಅಷ್ಟೂರಿಗೆ ಹೋಗಿದ್ದೆ. ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಅಹಮದ್ ಶಾಹ ವಲಿಯ ಗೋರಿಯೊಳಗೆ ಗೋಡೆ, ಗುಮ್ಮಟವೆಲ್ಲ ಬಣ್ಣದ ಬಳ್ಳಿ ಹೂಗಳು, ನಡುನಡುವೆ ಬಂಗಾರದ ಅಕ್ಷರಗಳು. ಈ ಸುಲ್ತಾನನನ್ನು ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ನೆನೆಯುವ ಜಾತ್ರೆ ಇಲ್ಲಿ ಇಂದಿಗೂ ನಡೆಯುತ್ತದೆ. ಹೊರಗೆ, ಸಿಡಿಲು ಬಡಿದು ಅರ್ಧ ಬಿದ್ದಿರುವ ಹುಮಾಯೂನನ ಗೋರಿಯ ಬುಡದಲ್ಲಿ ಟ್ರೈಡಾಕ್ಸಿನ ಸಣ್ಣ ಹೂಗಳು ಹಾಸಿಕೊಂಡಿದ್ದವು. ಯಾರೂ ನೆಡದ, ಯಾರೂ ನೀರು ಹಾಕದ ಈ ಹೂವು ಒಂದು ರೂಪಾಯಿ ನಾಣ್ಯದಷ್ಟೂ ಅಗಲವಿಲ್ಲ. ಆದರೆ ಅದರ ಹಳದಿ ನಡುಭಾಗದಲ್ಲಿ ಕೊಳವೆ ಹೂಗಳು ಒತ್ತೊತ್ತಾಗಿರುವುದರಿಂದ, ಬರೀದ್ ಶಾಹಿ ಉದ್ಯಾನದ ಇಡೀ ಚೆಂಡು ಹೂವಿನ ಸಾಲಿನಲ್ಲಿ ಕಾಣದಷ್ಟು ಪಾತರಗಿತ್ತಿಗಳು ಇಲ್ಲಿ ಒಂದೇ ಚಾಪೆಯಗಲದಲ್ಲಿದ್ದವು. ಕಿತ್ತಳೆ ಬಣ್ಣದ ಒಂದನ್ನು ಪ್ಲೇನ್ ಟೈಗರ್ ಎಂದುಕೊಂಡು ದಾಟುವವರಿದ್ದರೂ ಅದರ ಹಿಂದಿನ ರೆಕ್ಕೆಯ ಚುಕ್ಕೆಗಳ ಲೆಕ್ಕ ಬೇರೆಯಿತ್ತು: ಅದು ಡನೇಯ್ಡ್ ಎಗ್‌ಫ್ಲೈ ಎಂಬುದರ ಹೆಣ್ಣು. ಎಕ್ಕ ತಿಂದು ಬೆಳೆದ ಪ್ಲೇನ್ ಟೈಗರ್ ಹಕ್ಕಿಗಳಿಗೆ ರುಚಿಸುವುದಿಲ್ಲ. ಆ ಅಪಕೀರ್ತಿಯ ಲಾಭ ಪಡೆಯಲು ಈ ಹೆಣ್ಣು ಅದರದೇ ವೇಷ ತೊಟ್ಟಿದೆ. ಇದರ ಗಂಡಿಗೆ ಆ ವೇಷವಿಲ್ಲ. ಕಪ್ಪು ರೆಕ್ಕೆಯ ಮೇಲೆ ನೇರಳೆಯಂಚಿನ ಬಿಳಿಯ ದೊಡ್ಡ ಮಚ್ಚೆಗಳನ್ನು ಹೊತ್ತು, ಬಿದ್ದ ಕಲ್ಲೊಂದನ್ನು ಆಕ್ರಮಿಸಿಕೊಂಡು, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತಿತ್ತು.

ಶುಕ್ರವಾರ, ಎಳ್ಳ ಅಮಾವಾಸ್ಯೆ

ಜನವಾಡದ ಕಡೆಯ ಹೊಲಕ್ಕೆ ಹತ್ತು ಗಂಟೆಗೆ ಮುಟ್ಟಿದೆವು. ಈ ಭಾಗದ ಎಳ್ಳ ಅಮಾವಾಸ್ಯೆ ಊಟದ ಹಬ್ಬ, ಅದೂ ಹೊಲದಲ್ಲೇ ಆಗಬೇಕು. ಜೋಳದ ದಂಟಿನಿಂದ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸೇವಂತಿ, ಚೆಂಡು ಹೂ ಏರಿಸಿ ಪೂಜೆ ಮಾಡಿದ ಮೇಲೆ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಿದರು. ಆಮೇಲೆ ಸಜ್ಜೆಯ ರೊಟ್ಟಿ, ಜೋಳದ ಅಂಬಲಿ, ಶೇಂಗಾ ಹೋಳಿಗೆ ಮತ್ತು ಭಜ್ಜಿ: ಹಸಿ ತೊಗರಿ, ಅವರೆ, ಕಡಲೆ, ಸೊಪ್ಪು, ಕಾಯಿಪಲ್ಲೆ ಎಲ್ಲವನ್ನೂ ಕೂಡಿಸಿ ಕುದಿಸಿದ ಈ ಪಲ್ಯವನ್ನು ಬಣ್ಣಿಸಲು ಕೂತರೆ ಪಾತರಗಿತ್ತಿಯ ವಿಷಯ ಉಳಿಯುವುದಿಲ್ಲ.

ಬಿಸಿಲು ಹದವಾಗಿ ಏರಿತ್ತು. ಕಡಲೆ ಗಿಡ ಮೊಣಕಾಲಿಗೂ ಬಂದಿರಲಿಲ್ಲ, ನಸುನೇರಳೆಯ ಹೂಗಳು ಎಲೆಯ ಸಂದಿಯಲ್ಲಿ ಒಂದೊಂದಾಗಿ ಕಾಣುತ್ತಿದ್ದವು; ಗಿಡ ಮುಟ್ಟಿದ ಬೆರಳನ್ನು ನಾಲಿಗೆಗೆ ತಾಗಿಸಿದರೆ ಹುಳಿ. ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿಟ್ಟು ಬೆಳಿಗ್ಗೆ ಇಬ್ಬನಿಯೊಂದಿಗೆ ಆ ಹುಳಿಯನ್ನು ಹಿಂಡಿಕೊಳ್ಳುವ ಪದ್ಧತಿಯನ್ನು ಗೆಳೆಯನ ತಾಯಿ ವಿವರಿಸಿದರು. ಅಂಚಿನ ಸಾಲಿನ ಅವರೆಯ ಹೂಗಳ ಮೇಲೆ ಪೀ ಬ್ಲೂ ಎಂಬ ಉಗುರಗಲದ ನೀಲಿ ಪಾತರಗಿತ್ತಿಗಳು ಹಾರಾಡುತ್ತಿದ್ದವು. ಕೂತ ತಕ್ಷಣ ರೆಕ್ಕೆ ಮುಚ್ಚಿ, ಹಿಂದಿನ ರೆಕ್ಕೆಗಳೆರಡನ್ನೂ ಒಂದರ ಮೇಲೊಂದು ಉಜ್ಜುತ್ತವೆ. ಅಲ್ಲಿರುವ ಎಳೆಯಂಥ ಬಾಲವೂ ಕಪ್ಪು ಚುಕ್ಕೆಯೂ ಮೀಸೆ, ಕಣ್ಣುಗಳ ಹಾಗೆ ತೋರಿ, ಹಕ್ಕಿ ತಲೆಯೆಂದು ಬಾಲಕ್ಕೆ ಕುಕ್ಕಲಿ ಎಂಬ ಉಪಾಯ. ಅವರೆಯ ಮೊಗ್ಗಿನ ಬುಡದಲ್ಲಿ ಅದರದೊಂದು ಹುಳು ಅರ್ಧ ಒಳಹೊಕ್ಕಿತ್ತು, ಬೆನ್ನ ಮೇಲೆ ಇರುವೆಗಳು. ಹುಳು ಸ್ರವಿಸುವ ಸಿಹಿಯನ್ನು ಇರುವೆ ನೆಕ್ಕುತ್ತದೆ, ಬದಲಿಗೆ ಕಾವಲು ಕಾಯುತ್ತದೆ.

ಇದನ್ನು ನಾನು ತೋರಿಸಿದಾಗ ಪಕ್ಕದ ಹೊಲದ ರೈತರು ಸಂತೋಷಪಡಲಿಲ್ಲ. "ನೀವು ಪಾತರಗಿತ್ತಿ ಅಂತೀರಿ, ನಮಗ ಇದು ಕಾಯಿ ತಿನ್ನೂ ಹುಳ. ಹುಳ ಸಾಯಬೇಕು, ಪಾತರಗಿತ್ತಿ ಉಳೀಬೇಕು ಅಂದ್ರ ಹ್ಯಾಂಗ ಸಾಹೇಬ್ರ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಪಾತರಗಿತ್ತಿಯ ಪುಸ್ತಕಗಳಲ್ಲಿ ಕಾಣೆ. ಕೇಳಬೇಕಾದ ಪ್ರಶ್ನೆಯಂತೂ ಹೌದು. ತೊಗರಿ, ಕಡಲೆಗೆ ದೊಡ್ಡ ಹಾನಿ ಮಾಡುವುದು ಪೀ ಬ್ಲೂ ಅಲ್ಲ, ಹಸಿರು ಕಾಯಿಕೊರಕ. ಅದು ರಾತ್ರಿ ಹಾರುವ ಪತಂಗವೊಂದರ ಹುಳು. ಸಿಕ್ಕ ಔಷಧಿಯನ್ನೆಲ್ಲ ಹೊಡೆದರೆ ಎರಡೂ ಸಾಯುತ್ತವೆ, ಜೊತೆಗೆ ಜೇನು ಕೂಡ. ಕಾಯಿಕೊರಕಕ್ಕೆ ಮಾತ್ರ ರೋಗ ತರುವ ಎನ್‌ಪಿವಿ ಎಂಬ ನಂಜಾಣುವಿನ ದ್ರಾವಣವನ್ನು ಕೃಷಿ ವಿಜ್ಞಾನಿಗಳು ಬಹಳ ಕಾಲದಿಂದ ಶಿಫಾರಸು ಮಾಡುತ್ತ ಬಂದಿದ್ದಾರೆ. ಬಿಸಿಲಿಗೆ ಅದು ಸತ್ವ ಕಳೆದುಕೊಳ್ಳುವುದರಿಂದ ಸಂಜೆ ಸಿಂಪಡಿಸಬೇಕು. ಆ ರೈತರಿಗೆ ಅದು ಗೊತ್ತಿತ್ತು. "ಗೊತ್ತದ, ಬೇಕಾದಾಗ ಅಂಗಡ್ಯಾಗ ಸಿಗಬೇಕಲ್ರಿ" ಎಂದರು. ತೊಗರಿ ಗಿಡವನ್ನು ಬಗ್ಗಿಸಿ ಅಲ್ಲಾಡಿಸಿ ಹುಳು ಉದುರಿಸುವ ಹಿರಿಯರ ಕಾಲದ ಕೆಲಸವನ್ನು ತಾವು ಈಗಲೂ ಮಾಡುವುದುಂಟು, ಸಾಲಿನ ನಡುವೆ ಚೆಂಡು ಹೂ ಹಾಕಿದರೆ ಕಾಯಿಕೊರಕದ ತಾಯಿ ಅದಕ್ಕೂ ಮೊಟ್ಟೆಯಿಟ್ಟು ಬೆಳೆಗೆ ಸ್ವಲ್ಪ ಬಿಡುವು ಸಿಗುತ್ತದೆ ಎಂದೂ ಹೇಳಿದರು. ಅವರ ಹೊಲದಲ್ಲಿದ್ದದ್ದು ಒಂಟಿ ಎಸಳಿನ ಚೆಂಡು ಹೂ. ಹೂವಿನ ನಡುವೆ ಕೊಳವೆಗಳು ತುಂಬಿದ್ದವು, ಮೇಲೆ ಲೈಮ್ ಬಟರ್‌ಫ್ಲೈ ಒಂದು ಕೂರಲೂ ಆಗದಂತೆ ರೆಕ್ಕೆ ಪಟಪಟಿಸುತ್ತಲೇ ಕುಡಿಯುತ್ತಿತ್ತು.

ಮಧ್ಯಾಹ್ನ ಬದುವಿನ ಮೇಲೆ ಒಂದು ವಿಚಿತ್ರ ಗುಂಪು ಕಂಡಿತು. ಒಣ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಸಣಬಿನ ಜಾತಿಯ ಗಿಡವೊಂದು ಬಂಡಿಯ ಗಾಲಿಗೆ ಸಿಕ್ಕಿ ಮುರಿದು ಬಾಡಿತ್ತು. ಅದರಲ್ಲಿ ಹೂವಿಲ್ಲ, ಮಕರಂದವಿಲ್ಲ. ಆದರೂ ಬ್ಲೂ ಟೈಗರ್, ಪ್ಲೇನ್ ಟೈಗರ್‌ಗಳು ಮುರಿದ ದಂಟಿಗೆ ಮುತ್ತಿ, ಒಣಗಿದ ಎಲೆಯನ್ನು ನಾಲಿಗೆಯಿಂದ ಗೀರುತ್ತಿದ್ದವು, ಕೈ ತಾಗಿಸಿದರೂ ಏಳದಷ್ಟು ಮಗ್ನವಾಗಿ. ಈ ವಂಶದ ಗಂಡುಗಳಿಗೆ ಆ ಗಿಡದ ಕ್ಷಾರವಸ್ತು ಬೇಕು. ಹೆಣ್ಣನ್ನು ಒಲಿಸುವ ಪರಿಮಳವನ್ನು ಅವು ಅದರಿಂದಲೇ ತಯಾರಿಸಿಕೊಳ್ಳುತ್ತವೆ. ಬದುವಿನ ಕಸವೆಂದು ಇದನ್ನು ಸುಡುವ ಮೊದಲು ಒಂದೆರಡು ಗಿಡ ಬಿಡಿ ಎಂದು ಗೆಳೆಯನನ್ನು ಕೇಳಿಕೊಂಡೆ, ಅವನು ಬಿಟ್ಟಾನೆಂದು ನನಗೆ ನಂಬಿಕೆಯಿದೆ.

ಶನಿವಾರ

ಗೆಳೆಯನ ಮನೆಯ ಅಂಗಳ ಹತ್ತು ಹೆಜ್ಜೆಗೆ ಮುಗಿಯುತ್ತದೆ. ಆದರೂ ಮೂರು ದಿನಗಳಲ್ಲಿ ಕಂಡ ತೋಟಗಳಲ್ಲಿ ಪಾತರಗಿತ್ತಿಯ ದೃಷ್ಟಿಯಿಂದ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ, ಏಕೆಂದರೆ ಇಲ್ಲಿ ಕುಡಿಯುವುದಕ್ಕೆ ಹೂವಷ್ಟೇ ಅಲ್ಲ, ಹುಳುವಿಗೆ ತಿನ್ನಲು ಎಲೆಯೂ ಇದೆ. ಕುಂಡದಲ್ಲಿ ಜಿನಿಯಾ ಮತ್ತು ಪೆಂಟಾಸ್, ಗೋಡೆಯ ಮೂಲೆಗೆ ಕರಿಬೇವು, ಪಕ್ಕದಲ್ಲಿ ನಿಂಬೆ. ಕರಿಬೇವಿನ ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು ಬಿಳುಪಿನ ಹುಳು ಕುಳಿತಿತ್ತು. ಕಡ್ಡಿ ತಾಗಿಸಿದೊಡನೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಹಾಕಿತು, ಕೊಳೆತ ಹಣ್ಣಿನ ಘಾಟು ಮೂಗಿಗೆ ಬಡಿಯಿತು. ಕಾಮನ್ ಮಾರ್ಮನ್ ಎಂಬ ಕಪ್ಪು ಪಾತರಗಿತ್ತಿಯ ಮರಿ. ಚಳಿಯಲ್ಲಿ ಹುಳು ತಿನ್ನುವುದೂ ನಿಧಾನ, ಬೆಳೆಯುವುದೂ ನಿಧಾನ. ಶ್ರಾವಣದಲ್ಲಿ ನೋಡನೋಡುತ್ತ ಕೋಶ ಕಟ್ಟುವ ಇದು ಒಂದೇ ಎಲೆಯನ್ನು ದಿನಗಟ್ಟಲೆ ಜಗಿಯುತ್ತದೆಂದು ಮನೆಯವರು ಹೇಳಿದರು. ಅವರು ಒಗ್ಗರಣೆಗೆ ಎಲೆ ಕೀಳುವಾಗ ಆ ಕೊಂಬೆಯನ್ನು ಬಿಟ್ಟು ಕೀಳುತ್ತಾರೆ.

ಹನ್ನೊಂದಕ್ಕೆ ಹೈದರಾಬಾದ್ ರಸ್ತೆಯ ದೇವದೇವ ವನಕ್ಕೆ ಹೋದೆ. ಅರಣ್ಯ ಇಲಾಖೆಯ ಈ ವನದಲ್ಲಿ ಮರಗಳು ಹೆಚ್ಚು, ಅಲಂಕಾರದ ಹೂ ಕಡಿಮೆ. ದಾರಿಯ ಮೇಲೆ ಬಿದ್ದ ಒಣಗೆಲೆಗಳ ನಡುವಿನಿಂದ, ಹೆಜ್ಜೆಯಿಟ್ಟಾಗ ಒಂದು ಎಲೆ ಎದ್ದು ನಾಲ್ಕು ಅಡಿ ಹಾರಿ ಮತ್ತೆ ಎಲೆಯಾಗಿ ಬಿತ್ತು. ಈವ್ನಿಂಗ್ ಬ್ರೌನ್. ಮಳೆಗಾಲದಲ್ಲಿ ಹುಟ್ಟಿದ ಇದರ ರೆಕ್ಕೆಯ ಕೆಳಮೈಯಲ್ಲಿ ಕಣ್ಣಿನಂಥ ಮಚ್ಚೆಗಳಿರುತ್ತವೆ. ಒಣ ಕಾಲದ ಪೀಳಿಗೆಗೆ ಅವು ಮಾಸಿ, ಮೈಯೆಲ್ಲ ಕಂದು, ಕರಿಚುಕ್ಕೆ, ನಡುವೆ ಎಲೆಯ ನರದಂಥ ಗೆರೆ, ರೆಕ್ಕೆಯಂಚು ಮುರಿದ ಎಲೆಯ ಕೊಂಕು. ಹಸಿರಿದ್ದಾಗ ಹೆದರಿಸುವ ಕಣ್ಣು, ಒಣಗಿದಾಗ ಅಡಗುವ ಬಣ್ಣ. ಬಿದ್ದ ಜಾಗವನ್ನು ಕಣ್ಣಿಟ್ಟು ನೋಡುತ್ತಿದ್ದರೂ ಅಲ್ಲಿಗೆ ಹೋಗಿ ಬಗ್ಗುವಷ್ಟರಲ್ಲಿ ಯಾವ ಎಲೆ ಅದು ಎನ್ನುವುದು ತಿಳಿಯದಾಯಿತು. ತೋಟದ ಕೆಲಸಗಾರರೊಬ್ಬರು ತಮ್ಮ ಪೊರಕೆಯನ್ನು ಪಕ್ಕಕ್ಕಿಟ್ಟು ಬಂದು, ಒಂದೇ ನೋಟಕ್ಕೆ ಬೆರಳು ಮಾಡಿ ತೋರಿಸಿದರು. ಒಣಗೆಲೆಯನ್ನೆಲ್ಲ ಗುಡಿಸಿ ಸುಡುತ್ತೀರಾ ಎಂದು ಕೇಳಿದ್ದಕ್ಕೆ, ದಾರಿಯ ಮೇಲಿನದನ್ನು ಮಾತ್ರ ಮರದ ಬುಡಕ್ಕೆ ತಳ್ಳುತ್ತೇವೆಂದರು.

ಮಧ್ಯಾಹ್ನದ ನಂತರ ರೈಲು ಹತ್ತಿದೆ. ಹೊಲದ ಸುತ್ತ ಮುಳ್ಳಿನ ಬೇಲಿಯ ಬದಲು ಬಿತ್ತುವ ಕುಸುಬೆ ಇನ್ನೂ ಮೊಗ್ಗಿನಲ್ಲಿತ್ತು. ಅದು ಅರಳಿ ಹಳದಿಯಿಂದ ಕೇಸರಿಗೆ ತಿರುಗುವುದು ಜನವರಿಯ ಕೊನೆಗೆ, ಬೀದರಿನ ಬೆಳಗುಗಳು ಇನ್ನೂ ತಣ್ಣಗಿರುವಾಗ. ಆಗ ಬರುವವರು ಏಳು ಗಂಟೆಗೇ ಕೋಟೆಯೊಳಗೆ ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಹೋಗಲಿ, ಹತ್ತರ ನಂತರ ಕುಸುಬೆಯ ಹೊಲಕ್ಕೆ. ಸ್ವೆಟರನ್ನು ಹನ್ನೊಂದರವರೆಗೆ ಬಿಚ್ಚಬೇಕಾಗುವುದಿಲ್ಲ.